ಗುಲಾಬಿಯ ಮನೆಗೆ ಹೊದಿಸುವ ಹಾಳೆ



ರಸಾಯನ ಶಾಸ್ತ್ರವೆಂದೊಡನೆ ಅದು ಗಾಜಿನ ನಳಿಗೆಗಳ ವಿದ್ಯೆಯೆಂದು ನಮ್ಮಲ್ಲಿ ಅನೇಕರು ದೂರ ಸರಿಯುವುದುಂಟು. ಆದರೆ ಹಸಿರುಮನೆಯಲ್ಲಿ ಗುಲಾಬಿ ಬೆಳೆಯುವ ಹೊಸೂರಿನ ರೈತನ ಗಳಿಕೆಯು ತಲೆಯ ಮೇಲಿನ ತೆಳುವಾದ ಹಾಳೆಯೊಂದನ್ನು ಅವಲಂಬಿಸಿದೆ. ಸಾಮಾನ್ಯವಾಗಿ 200 ಮೈಕ್ರಾನ್, ಎಂದರೆ ಮಿಲಿಮೀಟರಿನ ಐದನೆಯ ಒಂದು ಪಾಲು ದಪ್ಪವಿರುವ ಆ ಹಾಳೆ ಹೇಗೆ ಬಾಳುತ್ತದೆ, ಹೇಗೆ ಕೆಡುತ್ತದೆ ಎಂಬುದನ್ನು ಇಂದು ನಾವು ವಿಚಾರಮಾಡೋಣ.

ಮಲ್ಲಿಗೆಯೊಂದನ್ನೇ ಕಟ್ಟಿದರೆ ಒಂದು ಬಗೆಯ ಮಾಲೆ; ನಡುನಡುವೆ ಕನಕಾಂಬರವನ್ನೂ ಸೇರಿಸಿದರೆ ಮತ್ತೊಂದು ಬಗೆ. ಹಾಗೆಯೇ ಒಂದೇ ಜಾತಿಯ ಚಿಕ್ಕ ಅಣುಗಳು ಸಾವಿರಾರು ಕೂಡಿ ಆದ ಸರಪಳಿ ಪಾಲಿಮರ್. ಎರಡು ಜಾತಿಯವು ಒಂದೇ ಸರಪಳಿಯಲ್ಲಿ ಕೂಡಿದರೆ ಅದು ಕೋಪಾಲಿಮರ್. ಎರಡು ಮಾಲೆಗಳನ್ನು ಒಂದೇ ಬುಟ್ಟಿಯಲ್ಲಿಟ್ಟರೆ ಸಾಲದು. ಹೂಗಳು ಒಂದೇ ದಾರಕ್ಕೆ ಸೇರಿರಬೇಕು.

ಎಥಿಲೀನ್ ಅಣುಗಳ ಸರಪಳಿಯೇ ನಾವು ಬಲ್ಲ ಪಾಲಿಥೀನ್. ಹಸಿರುಮನೆಯ ಹಾಳೆಗಳ ಕೆಲವು ಬಗೆಗಳಲ್ಲಿ ಎಥಿಲೀನಿನೊಡನೆ ವಿನೈಲ್ ಅಸಿಟೇಟನ್ನು ಕೂಡಿಸುತ್ತಾರೆ. ಈ ಹೊಸ ನೆಂಟನು ಸರಪಳಿಗಳು ಒತ್ತಾಗಿ ಸಾಲುಗಟ್ಟುವುದನ್ನು ತಡೆಯುವುದರಿಂದ ಹಾಳೆ ಮೃದುವೂ ತಿಳಿಯೂ ಆಗುತ್ತದೆ. ರಾತ್ರಿ ನೆಲವು ಹೊರಸೂಸುವ ಶಾಖಕಿರಣಗಳನ್ನೂ ಅದು ತಡೆಹಿಡಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಹೊಸೂರಿನ ಮಾಗಿಯ ರಾತ್ರಿಗಳಲ್ಲಿ ಇದು ಸಣ್ಣ ಉಪಕಾರವಲ್ಲ. ಆದರೆ ವಿನೈಲ್ ಅಸಿಟೇಟಿನ ಪಾಲು ಮಿತಿಮೀರಿದರೆ ಹಾಳೆ ಜೋಲುತ್ತದೆ, ಧೂಳು ಅಂಟುತ್ತದೆ. ಆದುದರಿಂದ ಆ ಕೋಪಾಲಿಮರನ್ನು ನಡುವಣ ಪದರದಲ್ಲಿರಿಸಿ, ಮೇಲೆ ಕೆಳಗೆ ಪಾಲಿಥೀನನ್ನು ಹೊದಿಸುವ ಕ್ರಮವುಂಟು.

ಹಾಳೆಯ ಶತ್ರುಗಳು ಬಿಸಿಲು ಮತ್ತು ಗಾಳಿಯ ಆಮ್ಲಜನಕ. ಇವೆರಡೂ ಕೂಡಿ ಸರಪಳಿಯಲ್ಲಿ ಪೆರಾಕ್ಸೈಡ್ ಎಂಬ ದುರ್ಬಲ ಬಂಧವನ್ನು ಉಂಟುಮಾಡುತ್ತವೆ. ಅದು ಒಡೆಯುತ್ತ ಬಂದಂತೆ ಸರಪಳಿಯೂ ತುಂಡಾಗಿ ಹಾಳೆ ಹರಿಯುತ್ತದೆ. ಈ ಬಂಧದ ಸ್ವಭಾವವನ್ನು ನೆರೆಯ ಬೆಂಗಳೂರಿನಲ್ಲಿಯೇ ನಡೆದ ಸಂಶೋಧನೆಯೊಂದು ಚೆನ್ನಾಗಿ ತೋರಿಸುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಕಿಶೋರ್ ಮತ್ತು ಟಿ. ಮುಕುಂದನ್ ಅವರು ಸ್ಟೈರೀನ್ ಒಂದು, ಆಮ್ಲಜನಕ ಒಂದು ಎಂಬಂತೆ ಸರದಿಯಾಗಿ ಪೋಣಿಸಿದ ಕೋಪಾಲಿಮರನ್ನು ಅಭ್ಯಸಿಸಿ, ಅದು ತಾನೇ ತಾನಾಗಿ ಉರಿಯಬಲ್ಲ ಇಂಧನವೆಂದು 1986ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂಧನದಲ್ಲಿ ಗುಣವಾದ ಆ ಬಂಧವೇ ನಮ್ಮ ಹಾಳೆಯಲ್ಲಿ ದೋಷವಾಗುತ್ತದೆ.

ಈ ದೋಷವನ್ನು ತಡೆಯಲೆಂದು ಹಾಳೆಯಲ್ಲಿ ಅಮೈನ್ ವರ್ಗದ ರಕ್ಷಕ ದ್ರವ್ಯಗಳನ್ನು ಬೆರೆಸಿರುತ್ತಾರೆ. ಗುಲಾಬಿಯ ಬೂದಿರೋಗಕ್ಕೆ ಹಾಕುವ ಗಂಧಕದಿಂದ ಹುಟ್ಟುವ ಆಮ್ಲಗಳು ಈ ರಕ್ಷಕವನ್ನೇ ನಿರ್ವೀರ್ಯಗೊಳಿಸುತ್ತವೆ. ಗಿಡವನ್ನು ಉಳಿಸಿದ ಮದ್ದು ಸೂರನ್ನು ಕೆಡಿಸಿದಂತಾಯಿತು! ಆದುದರಿಂದ ಹಾಳೆ ಕೊಳ್ಳುವಾಗ ಅದು ಎಷ್ಟು ಗಂಧಕವನ್ನು ತಾಳಬಲ್ಲುದೆಂದು ಕೇಳಿ ತಿಳಿಯಬೇಕು. ಸಿಂಪಡಿಸಿದ ಮದ್ದಿನ ಲೆಕ್ಕ ಬರೆದಿಡಬೇಕು. ಹರಿದ ಹಾಳೆಯನ್ನು ಹೊಲದಲ್ಲಿ ಸುಡದೆ ಮರುಬಳಕೆಗೆ ಕೊಡಬೇಕು.

ಹಾಳೆಯ ಸುರುಳಿಯೊಡನೆ ಬರುವ ಬರಹವು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ಓದುಬಲ್ಲ ಮಕ್ಕಳು ಅದನ್ನು ಮನೆಯ ಹಿರಿಯರಿಗೆ ಕನ್ನಡದಲ್ಲಿ ತಿಳಿಯಹೇಳಿದರೆ, ಅವರ ವಿದ್ಯೆ ಮನೆಯ ಸೂರನ್ನು ಕಾಯ್ದಂತಾಗುವುದು. ಅಂಥ ಮಕ್ಕಳು ನಮ್ಮ ಮನೆಮನೆಯಲ್ಲಿಯೂ ಬೆಳೆಯಲೆಂದು ಹಾರೈಸಿ ವಿರಮಿಸುತ್ತೇವೆ.