ಹೇಳದೆ ಬಿಟ್ಟ ಮೂರನೆಯ ವರ

ಪ್ಲಾಟ್, ಸೆಟ್ಟಿಂಗ್, ಫೋರ್‌ಶ್ಯಾಡೋಯಿಂಗ್, ಪಾಯಿಂಟ್ ಆಫ್ ವ್ಯೂ. ಇಂಗ್ಲಿಷ್ ಸಾಹಿತ್ಯ ಓದುವ ಮಕ್ಕಳು ಪರೀಕ್ಷೆ ಹತ್ತಿರ ಬಂದಾಗ ಇವುಗಳ ವ್ಯಾಖ್ಯೆಗಳನ್ನು ಉರು ಹೊಡೆಯುತ್ತಾರೆ. ಆದರೆ ಇವನ್ನು ಕಲಿಯಬೇಕಾದ ಜಾಗ ಕಥೆಯ ಒಳಗೇ ಎಂಬುದು ನನ್ನ ಗಟ್ಟಿ ನಂಬಿಕೆ. ಹಾಗಾಗಿ ಇವತ್ತು ಒಂದೇ ಕಥೆ ಎತ್ತಿಕೊಳ್ಳುತ್ತೇನೆ. ಲಂಡನ್ನಿನ ಲೇಖಕ ಡಬ್ಲ್ಯು. ಡಬ್ಲ್ಯು. ಜೇಕಬ್ಸ್ ಬರೆದ, 1902ರಲ್ಲಿ ಪ್ರಕಟವಾದ ‘ದಿ ಮಂಕೀಸ್ ಪಾ’.

ವೈಟ್ ದಂಪತಿ, ಅವರ ಮಗ ಹರ್ಬರ್ಟ್. ಭಾರತದಲ್ಲಿ ಸೇವೆ ಮಾಡಿ ಬಂದ ಸೈನಿಕನೊಬ್ಬ, ಫಕೀರ ಮಂತ್ರಿಸಿದ್ದೆನ್ನುವ ಕೋತಿಯ ಒಣ ಪಂಜವೊಂದನ್ನು ಅವರ ಮನೆಗೆ ತರುತ್ತಾನೆ. ಅದನ್ನು ಹಿಡಿದು ಮೂರು ವರ ಬೇಡಬಹುದಂತೆ. ತಂದೆ 200 ಪೌಂಡ್ ಬೇಡುತ್ತಾನೆ. ಮರುದಿನ ಮಗ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ. ಕಂಪನಿ ಕೊಡುವ ಪರಿಹಾರ ಸರಿಯಾಗಿ 200 ಪೌಂಡ್!

ಮೊದಲು ವರ, ಆಮೇಲೆ ಸಾವು, ಆಮೇಲೆ ಹಣ: ಇದು ಬರಿಯ ಘಟನೆಗಳ ಸಾಲು. ಒಂದರಿಂದ ಇನ್ನೊಂದು ಆಯಿತು ಎಂಬ ಕಾರಣದ ಎಳೆ ಸೇರಿದರೆ ಅದು ಪ್ಲಾಟ್. ಇ. ಎಂ. ಫಾರ್ಸ್ಟರ್ 1927ರಲ್ಲಿ ‘ಆಸ್ಪೆಕ್ಟ್ಸ್ ಆಫ್ ದ ನಾವೆಲ್’ ಪುಸ್ತಕದಲ್ಲಿ ಇದನ್ನು ಬಿಡಿಸಿ ಹೇಳಿದರು. ಜೇಕಬ್ಸ್ ಜಾಣತನ ನೋಡಿ: ಪಂಜದಿಂದಲೇ ಮಗ ಸತ್ತ ಎಂದು ಅವರು ಎಲ್ಲಿಯೂ ಖಚಿತವಾಗಿ ಹೇಳುವುದಿಲ್ಲ. ಆಕಸ್ಮಿಕ ಎನ್ನಲೂ ಜಾಗವಿದೆ. ಆದರೂ ಓದುತ್ತ ಓದುತ್ತ ನಾವೇ ಗಂಟು ಹಾಕಿಬಿಡುತ್ತೇವೆ.

ಸೆಟ್ಟಿಂಗ್ ಸುಲಭ. ಹೊರಗೆ ಮಳೆ, ಚಳಿ. ಒಳಗೆ ಬೆಂಕಿಯ ಮುಂದೆ ಬೆಚ್ಚಗಿನ ಸಂಸಾರ. ಊರಿನಿಂದ ದೂರದ ಒಂಟಿ ಮನೆಯಾದ್ದರಿಂದ ಯಾರು ಬಾಗಿಲು ತಟ್ಟಿದರೂ ಎದೆ ಝಲ್ಲೆನ್ನುತ್ತದೆ.

ಫೋರ್‌ಶ್ಯಾಡೋಯಿಂಗ್, ಅಂದರೆ ಮುನ್ಸೂಚನೆ, ಮೊದಲ ಪುಟದಲ್ಲೇ ಇದೆ. ತಂದೆ ಮಗ ಚದುರಂಗ ಆಡುತ್ತಿದ್ದಾರೆ. ತಂದೆ ತನ್ನ ರಾಜನನ್ನು ಬೇಕಿಲ್ಲದ ಅಪಾಯಕ್ಕೆ ಒಡ್ಡುತ್ತಾನೆ. ತಪ್ಪು ತಿಳಿಯುವ ಹೊತ್ತಿಗೆ ಕಾಲ ಮಿಂಚಿದೆ. ಮಗನ ಕಣ್ಣಿಗೆ ಅದು ಬೀಳದಿರಲಿ ಎಂದು ಗಾಳಿಯ ಮಾತು ತೆಗೆಯುತ್ತಾನೆ. ಮೊದಲ ಓದಿನಲ್ಲಿ ಇದು ಮನೆಯೊಳಗಿನ ಸಣ್ಣ ತಮಾಷೆ. ಕಥೆ ಮುಗಿಸಿ ಮತ್ತೆ ಈ ಪುಟಕ್ಕೆ ಬಂದರೆ ಇಡೀ ದುರಂತ ಆ ಒಂದು ನಡೆಯಲ್ಲಿ ಕೂತಿದೆ: ಇದ್ದುದನ್ನು ಪಣಕ್ಕಿಡುವುದು, ತಡವಾಗಿ ತಿಳಿಯುವುದು.

ಕೊನೆಗೆ ಪಾಯಿಂಟ್ ಆಫ್ ವ್ಯೂ, ಅಂದರೆ ನಿರೂಪಕ ಎಲ್ಲಿ ನಿಂತು ನೋಡುತ್ತಾನೆ ಎಂಬ ವಿಚಾರ. ನನಗೆ ಅತಿ ಪ್ರಿಯವಾದುದು ಇದೇ. ತಾಯಿಯ ಹಟಕ್ಕೆ ತಂದೆ ಎರಡನೆಯ ವರ ಬೇಡುತ್ತಾನೆ: ಮಗ ಬದುಕಿ ಬರಲಿ. ನಡುರಾತ್ರಿ ಬಾಗಿಲು ಬಡಿದ ಸದ್ದು. ತಾಯಿ ಕೆಳಗೆ ಓಡಿ, ಕುರ್ಚಿ ಎಳೆದುಕೊಂಡು ಮೇಲಿನ ಚಿಲಕ ತೆಗೆಯುತ್ತಾಳೆ. ನಿರೂಪಕ ಅವಳ ಜೊತೆ ಇಳಿಯುವುದಿಲ್ಲ. ಮೇಲೆ ಕೋಣೆಯ ನೆಲದಲ್ಲಿ ಪಂಜಕ್ಕಾಗಿ ತಡಕಾಡುತ್ತಿರುವ ತಂದೆಯ ಬಳಿಯೇ ನಿಲ್ಲುತ್ತಾನೆ. ಬಾಗಿಲ ಸದ್ದು ನಮಗೂ ತಂದೆಯ ಕಿವಿಯಿಂದಲೇ ಕೇಳುತ್ತದೆ. ಅವನು ಮೂರನೆಯ ವರ ಬೇಡಿದ ಎಂದಷ್ಟೇ ತಿಳಿಯುತ್ತದೆ. ಏನು ಬೇಡಿದ ಎಂಬುದನ್ನು ಜೇಕಬ್ಸ್ ಬಾಯಿಬಿಟ್ಟು ಹೇಳುವುದಿಲ್ಲ.

‘ಥರ್ಡ್ ಪರ್ಸನ್ ನಿರೂಪಣೆ’ ಎಂದು ಉತ್ತರಪತ್ರಿಕೆಯಲ್ಲಿ ಬರೆದು ನಿಲ್ಲಬೇಡಿ, ಮಕ್ಕಳೇ. ಇನ್ನೊಂದು ಸಾಲು ಸೇರಿಸಿ: ನಿರೂಪಕ ತಾಯಿಯ ಜೊತೆ ಮೆಟ್ಟಿಲಿಳಿದು ಬಾಗಿಲ ಬಳಿ ನಿಂತಿದ್ದರೆ, ಹೊರಗಿದ್ದುದನ್ನು ಜೇಕಬ್ಸ್ ತೋರಿಸಲೇಬೇಕಾಗುತ್ತಿತ್ತು.