ನದಿ ಎಲ್ಲಿದೆ? ಪಟ್ಟಿ ನೋಡಿ!

ನಾಲ್ಕು ಹಾಳೆ ತೆಗೆದುಕೊಳ್ಳಿ. ಒಂದನೆಯದರಲ್ಲಿ ‘ಹುಣಸೂರು: ಲಕ್ಷ್ಮಣತೀರ್ಥ ನದಿ’ ಎಂದು ಬರೆಯಿರಿ. ಎರಡನೆಯದರಲ್ಲಿ ‘ಕೆ.ಆರ್. ನಗರ: ಕಾವೇರಿ ನದಿ, ಚುಂಚನಕಟ್ಟೆ ಜಲಪಾತ’. ಮೂರನೆಯದರಲ್ಲಿ ‘ಎಚ್.ಡಿ. ಕೋಟೆ: ಕಬಿನಿ ನದಿ, ಅಣೆಕಟ್ಟು’. ನಾಲ್ಕನೆಯದರಲ್ಲಿ ‘ಪಿರಿಯಾಪಟ್ಟಣ: ಕಾವೇರಿ ನದಿ, ಕೊಪ್ಪದ ಸೇತುವೆ’.

ಈಗ ಐದನೆಯ ಹಾಳೆಯಲ್ಲಿ ಒಂದೊಂದೇ ಪದ ಬರೆದು, ಅದು ಯಾವ ಯಾವ ಹಾಳೆಯಲ್ಲಿದೆ ಎಂದು ಅಂಕಿ ಹಾಕಿ. ನದಿ: 1, 2, 3, 4. ಕಾವೇರಿ: 2, 4. ಜಲಪಾತ: 2. ಯಾರಾದರೂ ‘ಕಾವೇರಿ ಜಲಪಾತ’ ಎಂದು ಕೇಳಿದರೆ ಹಾಳೆಗಳನ್ನೆಲ್ಲ ತಿರುವಿ ಹಾಕುವ ಕೆಲಸವಿಲ್ಲ. ಎರಡೂ ಸಾಲಿನಲ್ಲಿರುವ ಅಂಕಿ 2. ಮುಗಿಯಿತು.

ಗೂಗಲ್ ಮಾಡುವುದೂ ಮೂಲತಃ ಇದನ್ನೇ. ನೀವು ಕೇಳಿದ ಮೇಲೆ ಅದು ಲೋಕವೆಲ್ಲ ಸುತ್ತಲು ಹೊರಡುವುದಿಲ್ಲ. ಮೊದಲೇ ಮಾಡಿಟ್ಟುಕೊಂಡ ಪಟ್ಟಿ ನೋಡುತ್ತದೆ. ಆ ಪಟ್ಟಿ ಕಂಪನಿಯ ಸ್ವಂತದ್ದು. ಬರೀ ‘ನದಿ’ ಎಂದರೆ ನಾಲ್ಕರಲ್ಲಿ ಯಾವುದನ್ನು ಮೊದಲು ತೋರಿಸಬೇಕು? ಆ ಲೆಕ್ಕಾಚಾರವೂ ಹೊರಗಿನವರಿಗೆ ಪೂರ್ತಿ ಕಾಣುವುದಿಲ್ಲ.

ಪಟ್ಟಿ ಎಲ್ಲರದ್ದೂ ಆಗಿರಲಿ ಎಂದು ಹೊರಟವರಿದ್ದಾರೆ. ಜರ್ಮನಿಯ ಮೈಕೆಲ್ ಕ್ರಿಸ್ಟೆನ್ 2003ರಲ್ಲಿ ಶುರುಮಾಡಿದ ‘ಯಾಸಿ’ ತಂತ್ರಾಂಶದಲ್ಲಿ ಪಟ್ಟಿ ಒಂದೇ ಕಡೆ ಇರುವುದಿಲ್ಲ. ಬಳಸುವವರ ಕಂಪ್ಯೂಟರುಗಳಲ್ಲೇ ತುಂಡುತುಂಡಾಗಿ ಹಂಚಿಕೊಂಡಿರುತ್ತದೆ. ಗೂಗಲ್‌ನಷ್ಟು ಚುರುಕಲ್ಲ, ನಿಜ. ಆದರೆ ಒಳಗೆ ಏನು ನಡೆಯುತ್ತಿದೆ ಎಂದು ಯಾರು ಬೇಕಾದರೂ ತೆರೆದು ನೋಡಬಹುದು.

ನಮ್ಮಲ್ಲಿ ‘ವಚನ ಸಂಚಯ’ ಎಂಬ ಜಾಲತಾಣ ಇದೆ. ಇಡೀ ಜಾಲದ ಗೊಡವೆಗೇ ಹೋಗದೆ, 20,000ಕ್ಕೂ ಹೆಚ್ಚು ವಚನಗಳಲ್ಲಿ ಯಾವ ಪದ ಎಲ್ಲೆಲ್ಲಿದೆ ಎಂದು ಹುಡುಕಿಕೊಡುತ್ತದೆ. ಕೋಟಿಗಟ್ಟಲೆ ಪುಟ ಕೂಡಿಡಲು ದುಡ್ಡೂ ಯಂತ್ರಗಳೂ ವಿಪರೀತ ಬೇಕು. ಸಣ್ಣದನ್ನು ಹಿಡಿದು ಚೆನ್ನಾಗಿ ಮಾಡುವುದೇ ಜಾಣತನ ಅಂತ ನನಗನ್ನಿಸುತ್ತದೆ.

ಕನ್ನಡಕ್ಕೆ ಅದರದ್ದೇ ಒಂದು ಪೇಚು. ‘ಹುಣಸೂರು’ ಎಂದು ಹುಡುಕಿದರೆ ‘ಹುಣಸೂರಿಗೆ’, ‘ಹುಣಸೂರಿನಿಂದ’ ಎಂದಿರುವ ಪುಟಗಳೂ ಸಿಗಬೇಕಲ್ಲ? ಬಾಲ ಕತ್ತರಿಸುವ ನಿಯಮ ಬರೆದು ಯಂತ್ರಕ್ಕೆ ಕೊಟ್ಟರೆ ಇದಾಗುತ್ತದೆ. ಎಚ್.ಡಿ. ಕೋಟೆಯೂ ಹೆಗ್ಗಡದೇವನಕೋಟೆಯೂ ಒಂದೇ, ಹಳಬರ ಎಡತೊರೆಯೇ ಇಂದಿನ ಕೆ.ಆರ್. ನಗರ ಎನ್ನುವುದಕ್ಕೆ ಮಾತ್ರ ಯಾವ ನಿಯಮವೂ ಇಲ್ಲ. ಮೈಸೂರು ಬಸ್ಸಿನಲ್ಲಿ ಓಡಾಡುವ ಮಕ್ಕಳಿಗೆ ಅದು ಗೊತ್ತು. ಅಕ್ಷರಗಳನ್ನಷ್ಟೇ ಹೋಲಿಸುವ ಯಂತ್ರಕ್ಕೆ ಊರು ಬಲ್ಲ ಯಾರಾದರೂ ಕೂತು ಬರೆದುಕೊಡಬೇಕು.