ಭಾರತ ಒಕ್ಕೂಟದ ವಿರುದ್ಧ ದಾವೆ



ಕೇಂದ್ರ ಸರ್ಕಾರದ ವಿರುದ್ಧ ಸಾಮಾನ್ಯ ನಾಗರಿಕನು ನ್ಯಾಯಾಲಯದ ಮೆಟ್ಟಿಲೇರಬಹುದೇ ಎಂಬ ಸಂದೇಹ ಅನೇಕರಲ್ಲಿದೆ. ಸಂವಿಧಾನದ 300ನೆಯ ಅನುಚ್ಛೇದವು ಇದಕ್ಕೆ ಅವಕಾಶ ಕಲ್ಪಿಸಿದೆ. ಪ್ರತಿವಾದಿಯ ಹೆಸರು ‘ಭಾರತ ಒಕ್ಕೂಟ’ ಎಂದಿರತಕ್ಕದ್ದು. ಇಲಾಖೆಯನ್ನಷ್ಟೇ ಹೆಸರಿಸಿದ ದಾವೆಯು ಆರಂಭದಲ್ಲಿಯೇ ಆಕ್ಷೇಪಣೆಗೆ ಗುರಿಯಾಗುತ್ತದೆ.

ಪುಣೆಯಲ್ಲಿ ನೆಲೆಸಿದ ವಿಧವೆಯೊಬ್ಬರು ತಮ್ಮ ಕಟ್ಟಡವನ್ನು ಕೇಂದ್ರದ ಕಚೇರಿಯೊಂದಕ್ಕೆ ಬಾಡಿಗೆಗೆ ಕೊಟ್ಟಿದ್ದಾರೆ, ಬಾಡಿಗೆ ಬಹುಕಾಲದಿಂದ ಬಂದಿಲ್ಲ ಎಂದು ಭಾವಿಸೋಣ. ಆಕೆ ಸ್ಥಳೀಯ ಅಧಿಕಾರಿಗೆ ಎಷ್ಟೇ ಜ್ಞಾಪನಪತ್ರ ಬರೆದಿದ್ದರೂ, ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಪ್ರಕರಣದಂತೆ ಸಂಬಂಧಪಟ್ಟ ಕಾರ್ಯದರ್ಶಿಗೆ ಲಿಖಿತ ನೋಟೀಸು ತಲುಪಿಸಿ ಎರಡು ತಿಂಗಳು ಕಾಯಬೇಕು. ರೈಲ್ವೆಗೆ ಸಂಬಂಧಿಸಿದ ದಾವೆಯಾದರೆ ಆ ರೈಲ್ವೆಯ ಮಹಾಪ್ರಬಂಧಕರಿಗೆ ನೋಟೀಸು ಸಲ್ಲಬೇಕು. ವಾದಿಯ ಹೆಸರು, ವಿಳಾಸ, ದಾವೆಯ ಕಾರಣ, ಕೋರುವ ಪರಿಹಾರ, ಇವಿಷ್ಟು ಅದರಲ್ಲಿದ್ದರೆ ಸಾಕು. ತುರ್ತು ಪರಿಹಾರ ಬೇಕಾದಲ್ಲಿ ನ್ಯಾಯಾಲಯದ ಅನುಮತಿ ಪಡೆದು ನೋಟೀಸಿಲ್ಲದೆಯೂ ದಾವೆ ಹೂಡಬಹುದು.

ವಿವಾದವು ನ್ಯಾಯಾಲಯದ ಹೊರಗೇ ಇತ್ಯರ್ಥವಾಗಲೆಂಬುದೇ ಈ ಎರಡು ತಿಂಗಳ ಉದ್ದೇಶ. ಆದರೆ ಇಂತಹ ನೋಟೀಸುಗಳಿಗೆ ಬಹುಪಾಲು ಉತ್ತರವೇ ದೊರೆಯುವುದಿಲ್ಲವೆಂಬುದನ್ನು 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಮನಿಸಿ, ಉತ್ತರ ನೀಡಲು ಹೊಣೆಗಾರ ಅಧಿಕಾರಿಯನ್ನು ನೇಮಿಸುವಂತೆ ಸರ್ಕಾರಗಳಿಗೆ ನಿರ್ದೇಶಿಸಿತು. ಉತ್ತರ ಬಾರದಿದ್ದರೆ ಮತ್ತೆ ಕಾಯಬೇಕಾದ ಅಗತ್ಯವಿಲ್ಲ.

ಹಕ್ಕುಗಳು ನಷ್ಟವಾಗುವುದು ಹೆಚ್ಚಾಗಿ ಕಾಲಪರಿಮಿತಿಯಿಂದ. ಬಾಡಿಗೆಯ ಬಾಕಿ ವಸೂಲಿಗೆ ಮೂರು ವರ್ಷಗಳ ಅವಧಿಯಿದೆ; ಪ್ರತಿ ತಿಂಗಳ ಬಾಡಿಗೆಗೂ ಲೆಕ್ಕ ಬೇರೆ. “ಕಡತ ಮೇಲಿನವರ ಬಳಿ ಇದೆ” ಎಂಬ ಬಾಯಿಮಾತನ್ನು ನಂಬಿ ಕುಳಿತರೆ ಹಳೆಯ ತಿಂಗಳುಗಳು ಒಂದೊಂದಾಗಿ ಕೈತಪ್ಪುತ್ತವೆ. ಅವಧಿಯೊಳಗೆ ಅಧಿಕೃತ ಅಧಿಕಾರಿಯು ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಮಾಡಿದ್ದರೆ ಮಾತ್ರ ಆ ದಿನದಿಂದ ಹೊಸ ಲೆಕ್ಕ ಆರಂಭವಾಗುತ್ತದೆ. ನೋಟೀಸಿನ ಎರಡು ತಿಂಗಳನ್ನು ಅವಧಿಯಿಂದ ಕಳೆಯಲಾಗುವುದು. ಸರ್ಕಾರವೇ ವಾದಿಯಾದಾಗ ಅದಕ್ಕೆ ಸಾಮಾನ್ಯವಾಗಿ 30 ವರ್ಷಗಳ ಅವಧಿಯಿದೆ. ಈ ಅಂತರವು ನಾಗರಿಕರಿಗೆ ವಿಚಿತ್ರವಾಗಿ ತೋರಿದರೆ ಆಶ್ಚರ್ಯವಿಲ್ಲ.

ವಕೀಲರ ಶುಲ್ಕಕ್ಕೆ ಅಂಜಬೇಕಾಗಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರಂತೆ ಮಹಿಳೆಯರು, ಅವರ ಆದಾಯವೆಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಆಕೆ ಬಾಡಿಗೆಯ ಕರಾರುಪತ್ರ, ನೋಟೀಸಿನ ನಕಲು ಮತ್ತು ಅಂಚೆಯ ರಸೀದಿಯೊಡನೆ ಹೋಗಬಹುದು. ಡಿಕ್ರಿ ದೊರೆತ ಮೇಲೆ ಮೂರು ತಿಂಗಳೊಳಗೆ ಹಣ ಸಂದಾಯವಾಗದಿದ್ದರೆ, ಅದರ ಜಾರಿಗಾಗಿ ಅರ್ಜಿ ಸಲ್ಲಿಸುವ ಹಕ್ಕು ಆಕೆಗಿದೆ.